ವ್ಯಾಯಾಮಕ್ಕೆ ಅವಧಿ ಬೇಕಾಗಿದೆ

ನಮ್ಮ ಆಫೀಸಿಗೆ ಆರೋಗ್ಯ ಬಂದದ್ದು ಬ್ಯಾನರಿನ ರೂಪದಲ್ಲಿ. "ಲಿಫ್ಟ್ ಬಿಡಿ, ಮೆಟ್ಟಿಲು ಹತ್ತಿ" ಅಂತ ಬರೆದು ಮೆಟ್ಟಿಲಿಗೇ ಅಡ್ಡ ಕಟ್ಟಿದ್ದರು, ಬಗ್ಗಿ ನುಸುಳಿ ಹತ್ತಬೇಕು. ಲಿಫ್ಟ್ ನಮ್ಮನ್ನು ಬಿಟ್ಟು ಎರಡು ವರ್ಷ ಆಯಿತು, ಅದು ಬೇರೆ ಮಾತು. ಬ್ಯಾನರಿನಲ್ಲಿ ಮಲಯಾಳ ಐದು ಸಾಲು, ಕೆಳಗೆ ಕನ್ನಡ ಒಂದೇ ಸಾಲು: "ಆರೋಗ್ಯವೇ ಬಾಗ್ಯ". ಕಾಸರಗೋಡಿನ ಕನ್ನಡಿಗರಿಗೆ ಇಷ್ಟು ಸಿಕ್ಕಿದ್ದೇ ಭಾಗ್ಯ ಅಲ್ವಾ, ಮಹಾಪ್ರಾಣ ಕೂಡ ಬೇಕು ಅಂದರೆ ಹೇಗೆ?

ಉದ್ಘಾಟನೆಗೆ ಒಂದೂವರೆ ಗಂಟೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಕೂತೇ ಇರುವುದು ಎಷ್ಟು ಕೆಟ್ಟದ್ದು ಅಂತ ಕೇಳಿದೆವು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಬೇಗ ಬೇಗ ನಡೆಯುವಂಥ ವ್ಯಾಯಾಮ ಬೇಕಂತೆ, ಉಪ್ಪು ದಿನಕ್ಕೆ 5 ಗ್ರಾಂ ದಾಟಬಾರದಂತೆ. ಭಾಷಣ ಮುಗಿದ ಕೂಡಲೇ ಚಾಯ ಮತ್ತು ಕಡಿ, ಅಂದರೆ ತಿಂಡಿ, ಬಂತು. ಪಫ್ಸ್, ಲಡ್ಡು, ಬಾಳೆಕಾಯಿ ಚಿಪ್ಸ್. ಭಾಷಣ ಮಾಡಿದವರು ಮಾತ್ರ ಶಿಸ್ತಿನವರು, ಹಾಲು, ಸಕ್ಕರೆ ಇಲ್ಲದ ಕಟ್ಟನ್ ಚಾಯ ಕೇಳಿ ಪಡೆದು ಅದರ ಜೊತೆ ಎರಡು ಲಡ್ಡು ತಿಂದರು. 2019ರಲ್ಲಿ ಕೇಂದ್ರದ ಫಿಟ್ ಇಂಡಿಯಾ ಅಭಿಯಾನ ಶುರುವಾದಾಗಲೂ ಇದೇ ಹಾಲ್‌ನಲ್ಲಿ ಫೋಟೋ ತೆಗೆದಿದ್ದೆವು. ಆಗಿನ ಫೋಟೋದಲ್ಲಿ ನಾವೆಲ್ಲ ಸ್ವಲ್ಪ ಸಪೂರ ಇದ್ದೇವೆ.

ಆಮೇಲೆ ಆದೇಶ ಬಂತು. ಪ್ರತಿ ಗುರುವಾರ 10 ನಿಮಿಷ ವ್ಯಾಯಾಮ. ಅಂದರೆ ಒಂದು ವಾರದ ವ್ಯಾಯಾಮ ಮುಗಿಸಲು ನಮಗೆ 15 ವಾರ ಬೇಕು! ಅದರ ವರದಿಗೆ ಹನ್ನೊಂದು ಕಾಲಮ್‌ನ ಫಾರಂ, ತುಂಬಿಸಲು ಮುಕ್ಕಾಲು ಗಂಟೆ, ಅದೂ ಕೂತುಕೊಂಡೇ.

ಕ್ಯಾಂಟೀನಿನ ಕಥೆ ಇನ್ನೂ ಚಂದ. ಅಲ್ಲಿ ಒಬ್ಬ ಅಕ್ಕ ಮಧ್ಯಾಹ್ನ ಕುಚ್ಚಿಲಕ್ಕಿ ಗಂಜಿ, ಹುರುಳಿ ಚಟ್ನಿ, ನುಗ್ಗೆ ಸೊಪ್ಪಿನ ಪಲ್ಯ ಕೊಡುತ್ತಿದ್ದರು. ಅವರ ಮೇಜು ಎತ್ತಿಸಿ ಆ ಜಾಗದಲ್ಲಿ "ಆರೋಗ್ಯ ಆಹಾರ ಮೂಲೆ" ಮಾಡಿದರು. ಮೂಲೆಯಲ್ಲಿ ಓಟ್ಸ್ ಬಿಸ್ಕತ್ತಿನ ಪ್ಯಾಕೆಟ್ ಇದೆ, ಬೆಲೆ ನೋಡಿಯೇ ಹಸಿವು ಹೋಗುತ್ತದೆ. ಅಕ್ಕ ಈಗ ಗೇಟಿನ ಹೊರಗೆ ಪಳಂಪೊರಿ, ಅದೇ ಬಾಳೆಹಣ್ಣಿನ ಬಜ್ಜಿ, ಕರಿಯುತ್ತಿದ್ದಾರೆ, ವ್ಯಾಪಾರ ಜಾಸ್ತಿಯಾಗಿದೆಯಂತೆ. "ಗಂಜಿಗೆ ಯಾರೂ ಮೀಟಿಂಗ್ ಮಾಡುವುದಿಲ್ಲ ಮಾರಾಯ್ರೆ" ಅಂದರು.

ಹೆಜ್ಜೆ ಸ್ಪರ್ಧೆಯೂ ಇತ್ತು. ಯಾರ ಫೋನಿನಲ್ಲಿ ಹೆಜ್ಜೆ ಜಾಸ್ತಿಯೋ ಅವರಿಗೆ ಬಹುಮಾನ. ಇಡೀ ದಿನ ಫೈಲು ಹೊತ್ತು ಮೂರು ಮಹಡಿ ಹತ್ತಿಳಿಯುವ ನಮ್ಮ ಪ್ಯೂನ್ ಅಣ್ಣನದು ಬಟನ್ ಫೋನು, ಹಾಗಾಗಿ ಅವರ ಹೆಜ್ಜೆ ಸೊನ್ನೆ. ನಾನು ಕುಂಬಳೆಯಿಂದ ಬಸ್ಸಿನಲ್ಲಿ ನಿಂತು ಬಂದು, ಆರು ಪಥದ ಹೆದ್ದಾರಿ ದಾಟಲು ಅಂಡರ್‌ಪಾಸ್ ಹುಡುಕುತ್ತಾ ಹಿಂದೆ ಮುಂದೆ ನಡೆಯುವುದು ಆಫೀಸಿನ ಸಮಯ ಅಲ್ಲವಾದ್ದರಿಂದ ಲೆಕ್ಕಕ್ಕಿಲ್ಲ. ಗೆದ್ದದ್ದು ನಮ್ಮ ಸಾಹೇಬರು. ಅವರು ಕುರ್ಚಿಯಿಂದ ಎದ್ದದ್ದನ್ನು ಯಾರೂ ನೋಡಿಲ್ಲ, ಆದರೆ ಆ ವಾರ ಅವರ ಫೋನು ಪ್ಯೂನ್ ಅಣ್ಣನ ಜೇಬಿನಲ್ಲಿತ್ತು. ಬಹುಮಾನ, ಒಂದು ಕಿಲೋ ಕೋಝಿಕೋಡ್ ಹಲ್ವ.

ನನಗೆ ಸಿಕ್ಕಿದ್ದು ಮೆಮೊ. ಫಾರಮನ್ನು ಕನ್ನಡದಲ್ಲೇ ತುಂಬಿದ್ದೆ, ಹಕ್ಕು ಅಲ್ವಾ! "ವ್ಯಾಯಾಮದ ಅವಧಿ: 10 ನಿಮಿಷ" ಅಂತ. ಯಾರೋ ಪುಣ್ಯಾತ್ಮರು ಅದನ್ನು ಅಕ್ಷರ ಮಾತ್ರ ಬದಲಿಸಿ ಮಲಯಾಳ ಮಾಡಿ ಮೇಲೆ ಕಳಿಸಿದರು. ಮಲಯಾಳದಲ್ಲಿ ಅವಧಿ ಅಂದರೆ ರಜೆ. ಅರ್ಜಿ ಕೊಡದೆ 10 ನಿಮಿಷ ರಜೆ ಹಾಕಿದ್ದು ಯಾಕೆ ಅಂತ ವಿವರಣೆ ಕೇಳಿದ್ದಾರೆ.

ವಿವರಣೆಗೆ ಸಹಿ ಹಾಕಿಸಲು ನಿನ್ನೆ ಮೂರನೇ ಮಹಡಿಗೆ ನಾಲ್ಕು ಸಲ ಹತ್ತಿ ಇಳಿದೆ, ಪ್ರತಿ ಸಲವೂ ಬ್ಯಾನರಿನ ಕೆಳಗೆ ಬಗ್ಗಿಕೊಂಡು. ಸುಮ್ನೆ ಹೇಳುತ್ತಿಲ್ಲ, ಬೆವರಿ ಅಂಗಿ ಒದ್ದೆಯಾಗಿತ್ತು. ಫೋನು ಮಾತ್ರ ಮೇಜಿನ ಮೇಲೆ ಚಾರ್ಜಿಗೆ ಇಟ್ಟಿದ್ದೆ.