ಟ್ಯಾಂಕಿನ ಮೇಲಿನ ರೇಡಿಯಂ

ಕೆಎ-31ರ, ಅಂದರೆ ಶಿರಸಿ ನೋಂದಣಿಯ ಹಳೇ ಬೈಕೊಂದು ದೇವಿಮನೆ ಘಟ್ಟ ಇಳಿದು ಕಾರವಾರದವರ ಪಾಲಾದರೆ ಆರ್‌ಸಿಯಲ್ಲಿ ಹೆಸರು ಬದಲಾಗುತ್ತದೆ. ಟ್ಯಾಂಕಿನ ಮೇಲೆ ‘ಶ್ರೀ ಮಾರಿಕಾಂಬಾ ಪ್ರಸನ್ನ’ ಹಾಗೇ ಇರುತ್ತದೆ. ಅಮ್ಮನವರ ಬಗ್ಗೆ ಹೊಸ ಮಾಲೀಕನಿಗೆ ತಕರಾರಿಲ್ಲ. ಪಕ್ಕದಲ್ಲಿ ಬೆಂಕಿ ಉಗುಳುವ ಚೇಳಿನ ರೇಡಿಯಂ ಸ್ಟಿಕರ್ ಇದೆಯಲ್ಲ, ತಕರಾರು ಅದರದ್ದು; ಅದನ್ನು ಕೀಳಬೇಕು.

ಕೀಳುವ ಮೊದಲು ಅಂಚಿನ ಮೇಲೆ ಉಗುರು ಆಡಿಸಬೇಕು. ಉಗುರಿಗೆ ತಡೆದರೆ ಸ್ಟಿಕರ್ ಮೇಲಿದೆ. ನುಣ್ಣಗೆ ಜಾರಿದರೆ ಕಂಪನಿಯವರು ಅದರ ಮೇಲೆ ಲ್ಯಾಕರ್ (ಬಣ್ಣ ಕಾಯುವ ಪಾರದರ್ಶಕ ಪದರ) ಹೊಡೆದಿದ್ದಾರೆ. ಅದನ್ನು ತೆಗೆಯುವುದೆಂದರೆ ಉಜ್ಜಿ ಹೊಸ ಪೇಂಟ್ ಹೊಡೆಸುವುದೇ, ಸುಮ್ಮನೆ ಬಿಡುವುದು ಲೇಸು.

ತಣ್ಣಗಿರುವಾಗ ಎಳೆದರೆ ಹಳೇ ವಿನೈಲ್ ಚೂರುಚೂರಾಗಿ ಏಳುತ್ತದೆ, ಅಂಟು ಕೂತಲ್ಲೇ ಕೂತಿರುತ್ತದೆ. 50–60 ಡಿಗ್ರಿ ಬಿಸಿ ಸಿಕ್ಕರೆ ಎರಡೂ ಮೆತ್ತಗಾಗುತ್ತವೆ. ಏಪ್ರಿಲ್–ಮೇನಲ್ಲಿ ಕರಾವಳಿಯವರಿಗೆ ಇದು ಪುಕ್ಕಟೆ: ಕಪ್ಪು ಟ್ಯಾಂಕನ್ನು ಮಧ್ಯಾಹ್ನದ ಬಿಸಿಲಿಗೆ ಒಂದು ತಾಸು ಒಡ್ಡಿದರೆ ಸಾಕು. ಶಿರಸಿಯ ಮಳೆಗಾಲದಲ್ಲಿ ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲ್ ಮೂರ್ನಾಲ್ಕು ನಿಮಿಷ ಹೊದಿಸಿ, ಆರಿದರೆ ಇನ್ನೊಮ್ಮೆ. ಹೇರ್ ಡ್ರೈಯರ್ ಆದರೆ ಒಂದು ಗೇಣು ದೂರದಿಂದ, ಒಂದೇ ಕಡೆ ನಿಲ್ಲಿಸದೆ ಆಡಿಸಬೇಕು. ಅದರೊಳಗಿರುವುದು ಕಾದ ತಂತಿ, ಕೆಳಗಿರುವುದು ಪೆಟ್ರೋಲು. ಹಾಗಾಗಿ ಬಯಲಲ್ಲಿ, ಕ್ಯಾಪ್ ಬಿಗಿದು, ಎಲ್ಲೂ ಸೋರುತ್ತಿಲ್ಲ ಎಂದು ನೋಡಿಕೊಂಡ ಮೇಲೆಯೇ. ಹೀಟ್ ಗನ್ ಬೇಡವೇ ಬೇಡ, ಲ್ಯಾಕರ್ ಗುಳ್ಳೆ ಏಳುತ್ತದೆ.

ಬ್ಲೇಡ್ ಅಲ್ಲ, ಹಳೇ ಎಟಿಎಂ ಕಾರ್ಡಿನಿಂದ ಮೂಲೆ ಎಬ್ಬಿಸಿ. ಮೇಲಕ್ಕೆ ಜಗ್ಗಬೇಡಿ. ಸ್ಟಿಕರನ್ನು ಅದರ ಬೆನ್ನಿನ ಮೇಲೇ ಮಡಚಿ, ಟ್ಯಾಂಕಿಗೆ ತಾಗುವಷ್ಟು ತಗ್ಗಿಸಿ ನಿಧಾನ ಎಳೆಯಿರಿ. ಊರಲ್ಲೇ ಮರುಪೇಂಟ್ ಆದ ಟ್ಯಾಂಕಾದರೆ ಬಣ್ಣವೂ ಜೊತೆಗೆ ಎದ್ದುಬರಬಹುದು; ಆಗ ನಿಲ್ಲಿಸಿ, ಮತ್ತೆ ಬಿಸಿಮಾಡಿ, ಎದುರು ಅಂಚಿನಿಂದ ಶುರು ಮಾಡಬೇಕು.

ಉಳಿದ ಅಂಟು ಹಲಸಿನ ಮೇಣದ ಜಾತಿಯದ್ದು: ನೀರಿಗೆ ಜಗ್ಗುವುದಿಲ್ಲ, ಎಣ್ಣೆಗೆ ಸೋಲುತ್ತದೆ. ತೆಂಗಿನೆಣ್ಣೆ ಹಚ್ಚಿ ಇಪ್ಪತ್ತು ನಿಮಿಷ ಬಿಟ್ಟು ಹತ್ತಿಬಟ್ಟೆಯಲ್ಲಿ ಒರೆಸಿ. ಹಟ ಮಾಡಿದ್ದಕ್ಕೆ ಚಿಮಣಿ ಎಣ್ಣೆ (ಸೀಮೆಎಣ್ಣೆ), ಕೊನೆಗೆ ಸೋಪುನೀರು. ಗ್ಯಾರೇಜಿನ ಹುಡುಗ ಥಿನ್ನರ್ ಬಾಟಲಿ ಹಿಡಿದು ಬಂದರೆ ಚಾ ಕುಡಿಸಿ ಕಳಿಸಿ. ಥಿನ್ನರ್ರಿಗೆ ಅಂಟು ಯಾವುದು, ಲ್ಯಾಕರ್ ಯಾವುದು ಎಂಬ ಭೇದವಿಲ್ಲ. ನೇಲ್ ಪಾಲಿಶ್ ತೆಗೆಯುವ ದ್ರವವೂ ಅದೇ ಬಳಗ.

ಈಗ ಹೊಸ ತಲೆನೋವು. ರೇಡಿಯಂ ಅಂಗಡಿಯವನು ಟ್ಯಾಂಕಿನ ಮೇಲೇ ಬ್ಲೇಡ್ ಆಡಿಸಿ ಕತ್ತರಿಸಿದ್ದರೆ ಆ ಗೀರು ಕಾಣುತ್ತದೆ. ತಗಡಿನವರೆಗೆ ಇಳಿದಿದ್ದರೆ ಕಡಲಗಾಳಿಯ ಉಪ್ಪು ಅದರೊಳಗೆ ಹೊಕ್ಕು ಬಣ್ಣದಡಿ ತುಕ್ಕು ಹಬ್ಬಿಸುತ್ತದೆ. ತುಕ್ಕು ಕೆರೆದು, ಹಲ್ಲುಕಡ್ಡಿಯ ತುದಿಯಲ್ಲಿ ಟಚ್‌ಅಪ್ ಪೇಂಟ್ ತುಂಬಿಬಿಡಬೇಕು.

ಕಿತ್ತದ್ದು ಅಕ್ಷರದ ಸ್ಟಿಕರಾದರೆ, ಅದು ಹೋದರೂ ಅಕ್ಷರ ಓದಲು ಬರುತ್ತದೆ. ಹೆಚ್ಚಿನವರು ಆ ಅಕ್ಷರಗಳನ್ನೇ ಉಜ್ಜುತ್ತಾರೆ. ಪಾಪ, ಅವು ಬಿಸಿಲು ಕಾಣದ ಒಳ್ಳೇ ಬಣ್ಣ, ಮಾಸಿದ್ದು ಸುತ್ತಲಿನದು. ರಬ್ಬಿಂಗ್ ಕಾಂಪೌಂಡ್ (ತಿಕ್ಕಿ ಹೊಳಪು ತರುವ ಪೇಸ್ಟು) ಅಲ್ಲಿಗೆ ಸಲ್ಲಬೇಕು, ಅದೂ ಹಗುರ ಕೈಯಲ್ಲಿ. ಲ್ಯಾಕರಿನ ದಪ್ಪ ಸಾಮಾನ್ಯವಾಗಿ 50 ಮೈಕ್ರಾನ್ ಆಸುಪಾಸು, ಬರೆಯುವ ಹಾಳೆಗಿಂತ ತೆಳು. ಟ್ಯಾಂಕಿನ ಏಣುಗಳ ಮೇಲೆ ಇನ್ನೂ ಕಡಿಮೆ, ಅಲ್ಲಿ ಎರಡು ಸಲ ಹೆಚ್ಚು ತಿಕ್ಕಿದರೆ ಬಣ್ಣದಡಿಯ ಪ್ರೈಮರ್ ಇಣುಕುತ್ತದೆ. ಕಾಂಪೌಂಡಿನಿಂದ ಮೇಲ್ಪದರದ ಮಂಕು ಹೋಗುತ್ತದೆ. ಬಣ್ಣವೇ ಬಿಳಿಚಿದ್ದರೆ, ಕೆಂಪಿನಲ್ಲಿ ಇದು ಬೇಗ, ಅದರಿಂದ ಏನೂ ಆಗದು. ಕೊನೆಗೊಂದು ಕೈ ವ್ಯಾಕ್ಸ್. ಕ್ಯಾಪಿನ ಸುತ್ತಲ ಸಂದಿಯಲ್ಲಿ ಕೂತ ಕಾಂಪೌಂಡಿನ ಬಿಳಿಪುಡಿಗೆ ಹಳೇ ಟೂತ್‌ಬ್ರಶ್ ಸಾಕು.