ಡೀಬಗ್ಗರ್ (ಪ್ರೋಗ್ರಾಮಿನ ತಪ್ಪು ಹುಡುಕುವ ಟೂಲ್) ಟೆಸ್ಟ್ ಮಾಡುವಾಗ ಪ್ರೋಗ್ರಾಂ ನಿಂತಿತು ಸರಿ, ಯಾಕೆ ನಿಂತಿತು ಅಂತ ಕೇಳೋದು ಬೇಡವಾ?

ನಿನ್ನೆ ರಾತ್ರಿಯೂ ಅದೇ ಟೆಸ್ಟ್ ಫೇಲ್ ಆಯಿತು. ಕಂಡೀಷನಲ್ ಬ್ರೇಕ್‌ಪಾಯಿಂಟ್, ಅಂದರೆ ಕೊಟ್ಟ ಷರತ್ತು ನಿಜವಾದರೆ ಮಾತ್ರ ಪ್ರೋಗ್ರಾಮನ್ನು ಒಂದು ಸಾಲಿನಲ್ಲಿ ನಿಲ್ಲಿಸುವ ಗುರುತು, ಅದನ್ನು ಪರೀಕ್ಷಿಸುವ ಟೆಸ್ಟ್. ಕಾರಣ ಏನು ಗೊತ್ತಾ? ಯಾರೋ ಸ್ಯಾಂಪಲ್ ಪ್ರೋಗ್ರಾಮಿನ ಮೇಲ್ಗಡೆ ಎರಡು ಸಾಲು ಕಾಮೆಂಟ್ ಸೇರಿಸಿದ್ದಾರೆ. ಟೆಸ್ಟ್ ಮಾತ್ರ ಹಳೆಯ 42ನೇ ಸಾಲಿಗೇ ಅಂಟಿಕೊಂಡಿದೆ. ಅಲ್ಲಿ ಲೂಪೇ (ಮತ್ತೆ ಮತ್ತೆ ಸುತ್ತುವ ಭಾಗ) ಇನ್ನೂ ಶುರುವಾಗಿಲ್ಲ. ಸಾಲಿನ ನಂಬರನ್ನು ಹೀಗೆ ಬರೆದಿಡುವುದನ್ನು ಇನ್ನೂ ಎಷ್ಟು ಸಲ ನೋಡಬೇಕು?

ಹೋಗಲಿ, ಫೇಲ್ ಆದದ್ದು ಕಣ್ಣಿಗಾದರೂ ಕಾಣುತ್ತದೆ. ಸುಳ್ಳು ಸುಳ್ಳೇ ಪಾಸಾಗುವ ಟೆಸ್ಟ್ ಕಂಡರೆ ನನಗೆ ಮೈ ಉರಿಯುತ್ತದೆ. ಪಾಯಿಂಟರ್ (ಡೇಟಾ ಇರುವ ಮೆಮೊರಿ ಜಾಗದ ವಿಳಾಸ) ತೋರಿಸುವ ಐಡಿ 57 ಆದಾಗ ಮಾತ್ರ ನಿಲ್ಲಬೇಕು, ಇದು ಷರತ್ತು. ಟೆಸ್ಟ್ ನೋಡುವುದು ಪ್ರೋಗ್ರಾಂ ನಿಂತಿತಾ ಅಂತ, ಅಷ್ಟೇ. ಆದರೆ ಮೊದಲ ಸುತ್ತಿನಲ್ಲಿ ಪಾಯಿಂಟರ್ ನಲ್ ಆಗಿದ್ದರೆ, ಅಂದರೆ ಏನನ್ನೂ ತೋರಿಸದಿದ್ದರೆ? ಷರತ್ತಿನ ಲೆಕ್ಕ ಹಾಕಲಾಗದೆ ಎಷ್ಟೋ ಡೀಬಗ್ಗರ್‌ಗಳು ಎರರ್ ತೋರಿಸಿ ಅಲ್ಲೇ ನಿಲ್ಲುತ್ತವೆ. 57 ಬಂದೇ ಇಲ್ಲ, ಟೆಸ್ಟ್ ಹಸಿರು! ನಿಂತಾಗ ಐಡಿ ಎಷ್ಟಿತ್ತು ಅಂತ ಒಂದೇ ಒಂದು ಸಾಲು ಬರೆಯಲು ಏನು ಕಷ್ಟ? 56ರಲ್ಲಿ ನಿಲ್ಲದೆ ಮುಂದೆ ಹೋಯಿತಾ ಅಂತ ಯಾರು ನೋಡಿದರು?

ಇನ್ನು ಟೈಮ್‌ಔಟ್. ಷರತ್ತು ಸುಳ್ಳಾದರೂ ಸಾಮಾನ್ಯವಾಗಿ ಪ್ರತಿ ಸುತ್ತಿನಲ್ಲೂ ಪ್ರೋಗ್ರಾಂ ನಮಗೆ ಕಾಣದಂತೆ ಒಮ್ಮೆ ಕ್ಷಣಕಾಲ ನಿಲ್ಲಬೇಕು, ಡೀಬಗ್ಗರ್ ಲೆಕ್ಕ ನೋಡಿ ಮತ್ತೆ ಬಿಡಬೇಕು. ಅದಕ್ಕೆ ಹತ್ತು ಲಕ್ಷ ಸುತ್ತಿನ ಲೂಪ್ ಕೊಟ್ಟು ಹತ್ತು ಸೆಕೆಂಡ್ ಗಡುವು ಇಟ್ಟರೆ ಮುಗಿಯುತ್ತಾ? ಕೇಳಿದರೆ ಬರುವ ಉತ್ತರ ಒಂದೇ: "ಸುಮ್ನೆ ಇನ್ನೊಂದು ಸಲ ಓಡಿಸಿ, ಪಾಸಾಗುತ್ತೆ."

ಮೂರು ಸಲ ಓಡಿಸಿದೆ. ಇನ್ನೂ ಕೆಂಪೇ.