ಕೆಡವಿ ಉಳಿಸೋಣ ಬನ್ನಿ

ಹಳೇ ಕಟ್ಟಡ ಉಳಿಸುವುದನ್ನು ಕಲಿಯಬೇಕಿದ್ದವರು ಪುಣೆಗೆ ಬರಬೇಕು. ಬುಧವಾರ ಪೇಟೆಯಲ್ಲಿ, ದಗಡೂಶೇಠ್ ಗಣಪತಿಯ ಎದುರಿಗೆ ಭಿಡೆ ವಾಡೆ ಎಂಬ ಹಳೇ ದೊಡ್ಡ ಮನೆ ಇತ್ತು. ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ 1848ರಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದದ್ದು ಅಲ್ಲೇ. ಅದು ರಾಷ್ಟ್ರೀಯ ಸ್ಮಾರಕವಾಗಬೇಕೆಂದು ವರ್ಷಗಟ್ಟಲೆ ಮೋರ್ಚಾ, ಮನವಿ, ಮಾಲಾರ್ಪಣೆ ನಡೆದವು. ಬಾಡಿಗೆದಾರರ ಜತೆಗಿನ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕೊನೆಗೆ ಪಾಲಿಕೆ ಗೆದ್ದಿತು. ಗೆದ್ದ ಹುರುಪಿನಲ್ಲಿ 2023ರ ಡಿಸೆಂಬರಿನ ಒಂದು ರಾತ್ರಿ, ಪೊಲೀಸ್ ಬಂದೋಬಸ್ತಿನಲ್ಲಿ ಜೆಸಿಬಿ ತಂದು ವಾಡೆಯನ್ನು ನೆಲಸಮ ಮಾಡಿತು. ಯಾಕೆಂದರೆ ಅಲ್ಲಿ ಸ್ಮಾರಕ ಕಟ್ಟಬೇಕಲ್ಲ!

ಸಾವಿತ್ರಿಬಾಯಿ ಶಾಲೆಗೆ ಹೋಗುವಾಗ ಊರ ಜನ ಸೆಗಣಿ, ಕೆಸರು ಎಸೆಯುತ್ತಿದ್ದರಂತೆ. ಆ ಸೆಗಣಿಯನ್ನು ತಾಳಿಕೊಂಡ ಶಾಲೆಗೆ ನಮ್ಮ ಅಭಿಮಾನವನ್ನು ತಾಳಿಕೊಳ್ಳಲಾಗಲಿಲ್ಲ. ಉಳಿಸಲು ಅಲ್ಲೇನೂ ಉಳಿದಿರಲಿಲ್ಲ, ಪೂರ್ತಿ ಜೀರ್ಣವಾಗಿತ್ತು ಎನ್ನುತ್ತಾರೆ. ಇರಬಹುದು. ನಮ್ಮ ಅಭಿಮಾನ ಉಕ್ಕುವುದೇ ಏನೂ ಉಳಿಯದಿದ್ದಾಗ.

ಮುಂಬಯಿಯವರಿಗೆ ಇಷ್ಟು ಧೈರ್ಯ ಇಲ್ಲ. ಕಾಲಾ ಘೋಡಾದ ವಾಟ್ಸನ್ ಹೋಟೆಲಿನ ಕಬ್ಬಿಣದ ಅಸ್ಥಿಪಂಜರ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂತು. ಲೂಮಿಯೇರ್ ಸಹೋದರರ ಚಲಿಸುವ ಚಿತ್ರಗಳನ್ನು 1896ರ ಜುಲೈ 7ರಂದು ಈ ದೇಶ ಮೊದಲು ನೋಡಿದ್ದೂ ಅಲ್ಲೇ. 2005ರಲ್ಲಿ ಅದರ ಒಂದು ಭಾಗ ಕುಸಿದು ಒಬ್ಬರು ಸತ್ತರು. ಜಗತ್ತಿನ ಅಪಾಯದಲ್ಲಿರುವ 100 ತಾಣಗಳ 2006ರ ಪಟ್ಟಿಯಲ್ಲಿ ಅದರ ಹೆಸರೂ ಸೇರಿತು. 2019ರಲ್ಲಿ ಐಐಟಿಯ ತಜ್ಞರು ಕೆಡವುವುದೇ ಒಳ್ಳೆಯದೆಂದು ವರದಿ ಕೊಟ್ಟರೆ, ಬೇರೆ ತಜ್ಞರು ಉಳಿಸಬಹುದೆಂದರು. ಕೆಡವುವವರಿಗೂ ಉಳಿಸುವವರಿಗೂ ವರದಿ ಸಿಕ್ಕಿತು. ಕಟ್ಟಡಕ್ಕೆ ಊರುಗೋಲೂ ಹಸಿರು ಬಲೆಯೂ ಸಿಕ್ಕವು.

ಪುಣೆಯ ಪೇಟೆಗಳಲ್ಲಿ ವಾಡೆ ಬೀಳಲು ಇಷ್ಟೆಲ್ಲ ಇತಿಹಾಸ ಬೇಡ. ನಮ್ಮ ಧಾರವಾಡದ ಕಾಕಾ ಬಾಡಿಗೆಗಿದ್ದ ವಾಡೆಯಲ್ಲಿ ಯಾವ ಪೇಶ್ವೆಯೂ ಮಲಗಿರಲಿಲ್ಲ, ಯಾರೂ ಶಾಲೆ ತೆರೆದಿರಲಿಲ್ಲ. ನಡುವೆ ಚೌಕ, ಸುತ್ತ ಕೆತ್ತನೆಯ ಸಾಗವಾನಿ ಕಂಬ, ಮೇಲೆ ಮಂಗಳೂರು ಹಂಚು. ಹುಬ್ಬಳ್ಳಿ, ವಿಜಯಪುರ, ಬೆಳಗಾವಿಯಿಂದ ನೌಕರಿಗೆ ಬಂದವರು ಒಬ್ಬರಾದ ಮೇಲೊಬ್ಬರು ಆ ಚೌಕದಲ್ಲಿ ಹಪ್ಪಳ ಒಣಗಿಸಿದವರು. ಬಾಡಿಗೆ ಅಜ್ಜನ ಕಾಲದ್ದು. ಕಾಯ್ದೆ ಅದನ್ನು ಬೇಕಾದಷ್ಟು ಏರಿಸಗೊಡುವುದಿಲ್ಲ. ಆ ರೊಕ್ಕದಲ್ಲಿ ಒಂದು ಹಂಚು ಬದಲಿಸಿದರೂ ಮಾಲೀಕನಿಗೆ ನಷ್ಟ. ಹಾಗಾಗಿ ಆತ ದುರಸ್ತಿಯ ಗುತ್ತಿಗೆಯನ್ನು ಮಳೆರಾಯನಿಗೆ ವಹಿಸಿಬಿಟ್ಟ. ಮಳೆ ಹಂಚು ಸರಿಸಿತು, ನೀರು ತೊಲೆಗೆ ಇಳಿಯಿತು, ತೊಲೆಗೆ ಗೆದ್ದಲು ಬಂತು. ಗೋಡೆಯ ಸಂದಿಯಲ್ಲಿ ಅಶ್ವತ್ಥ ಹುಟ್ಟಿತು. ಕಾಕಾನ ಹೆಂಡತಿ ಕಾಕು ಅದಕ್ಕೆ ದಿನಾ ನೀರು ಹಾಕಿ ಕೈ ಮುಗಿದರು. ಮನೆ ಬೀಳುವುದಕ್ಕೆ ಇದಕ್ಕಿಂತ ಭಕ್ತಿಪೂರ್ವಕ ಏರ್ಪಾಡು ಎಲ್ಲಿದೆ? ಜೂನ್ ಬಂದರೆ ಮಾಡಿನ ಮೇಲೆ ನೀಲಿ ತಾಡಪತ್ರಿ, ಬಾಗಿಲ ಮೇಲೆ 'ಧೋಕಾದಾಯಕ ಇಮಾರತ್', ಅಂದರೆ ಅಪಾಯಕಾರಿ ಕಟ್ಟಡ ಎಂಬ ನೋಟಿಸು. ಸ್ಟ್ರಕ್ಚರಲ್ ಆಡಿಟ್‌ಗೆ ಬಂದ ಎಂಜಿನಿಯರ್ ಚಹಾ ಕುಡಿದು, ಕಂಬವನ್ನು ಬೆರಳಿನಿಂದ ಎರಡು ಸಲ ಬಡಿದು, 'ಏನೂ ಖರೇ ಇಲ್ಲ' ಎಂದು ಬರೆದುಕೊಂಡು ಹೋದ.

ಆಗ ಹುಟ್ಟಿತು ನೋಡಿ ವಾಡೆ ಬಚಾವ್ ಸಮಿತಿ. ಉಳಿಸಬೇಕೆಂದು ಮೊದಲು ಭಾಷಣ ಮಾಡಿದವರು ತಮ್ಮ ವಾಡೆ ಕೆಡವಿ ಏಳು ಮಾಳಿಗೆಯ ಫ್ಲ್ಯಾಟಿಗೆ ಹೋಗಿದ್ದವರು. ಫ್ಲೆಕ್ಸಿನಲ್ಲಿ ವಾಡೆಯ ಫೋಟೋ ಬಸ್ ಪಾಸಿನಷ್ಟು, ನಗರಸೇವಕ, ಅಂದರೆ ಕಾರ್ಪೊರೇಟರ್ ಆಗಲು ಕಾದಿದ್ದವನ ಮುಖ ಮಾತ್ರ ಆಳೆತ್ತರ. ಕ್ಯಾಮೆರಾ ತೂಗಿಹಾಕಿಕೊಂಡವರು ಹೆರಿಟೇಜ್ ವಾಕಿಗೆ ಬಂದು, ಕಾಕುವಿನ ಹಿತ್ತಾಳೆ ಹಂಡೆಯ ಜತೆ ಸೆಲ್ಫಿ ತೆಗೆದುಕೊಂಡು, ಅದು ಎಷ್ಟಕ್ಕೆ ಸಿಗಬಹುದೆಂದು ವಿಚಾರಿಸಿದರು. ಕಾಕಾ ಒಬ್ಬರೇ ಕಾಗದದ ಕೆಲಸ ಮಾಡಿದವರು: ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿಸಿರೆಂದು ಸಂಬಂಧಪಟ್ಟ ಕಚೇರಿಗೆ ಮೂರು ಪ್ರತಿಗಳಲ್ಲಿ ಅರ್ಜಿ ಹಾಕಿದರು.

ಅರ್ಜಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ದಾಟುವುದರೊಳಗೆ ವಾಡೆ ಬಿತ್ತು, ಬಿಲ್ಡರನ ತಗಡಿನ ಬೇಲಿ ಎದ್ದಿತು. ಕಂಬಗಳು ಹಳೇ ಸಾಮಾನಿನ ಜುನಾ ಬಜಾರಿಗೆ ಹೋದವು. ಹಿತ್ತಾಳೆ ಗುಬ್ಬಿಮೊಳೆಯ ತಲೆಬಾಗಿಲು ಕೋರೆಗಾಂವ್ ಪಾರ್ಕಿನ ಹೋಟೆಲೊಂದಕ್ಕೆ ಹೋಗಿ, ಅಡ್ಡ ಮಲಗಿ, ಮೇಲೆ ಗಾಜು ಹೊದ್ದು ಊಟದ ಟೇಬಲ್ಲಾಯಿತು. ಗುಬ್ಬಿಗಳಿಗೆ ಈಗ ದಿನಾ ಪಾಲಿಶ್; ವಾಡೆಯಲ್ಲಿದ್ದಾಗ ದೀಪಾವಳಿಗೊಮ್ಮೆ ಹುಣಸೆಹಣ್ಣಿನ ತಿಕ್ಕು ಸಿಕ್ಕರೆ ಪುಣ್ಯ.

ಇಷ್ಟಾದ ಮೇಲೆ ಕಚೇರಿಯಿಂದ ಉತ್ತರ ಬಂತು. ತಮ್ಮ ಅರ್ಜಿಯನ್ನು ಸಹಾನುಭೂತಿಯಿಂದ ಪರಿಶೀಲಿಸಲಾಗುತ್ತಿದೆ. ಕಟ್ಟಡದ ಇತ್ತೀಚಿನ ಬಣ್ಣದ ಫೋಟೋ ಲಗತ್ತಿಸತಕ್ಕದ್ದು. ಸ್ಥಳ ಪರಿಶೀಲನೆಗೆ ಅಧಿಕಾರಿಗಳು ಬಂದಾಗ ಅರ್ಜಿದಾರರು ಖುದ್ದು ಹಾಜರಿದ್ದು ಬಾಗಿಲು ತೆರೆದುಕೊಡತಕ್ಕದ್ದು.

ಕಾಕಾ ಓದಿ, ಕನ್ನಡಕ ತೆಗೆದು, ಬನಿಯನ್ನಿಗೆ ಒರೆಸಿಕೊಂಡರು. "ಫೋಟೋದ ಚಿಂತಿಲ್ಲೋ ತಮ್ಮಾ, ಜೆಸಿಬಿ ನಿಂತದ್ದು ಅದ, ಬಣ್ಣದ್ದ ಅದ. ಬಾಗಲಾ ತಗೀಬೇಕಂದ್ರ ಮಾತ್ರ ಸಾಹೇಬರ ಹೆಸರಿಲೆ ಹೋಟೆಲ್ನಾಗ ಟೇಬಲ್ ಬುಕ್ ಮಾಡಬೇಕಾಗ್ತದ. ಐತವಾರ ಭಾಳ ಗದ್ದಲ ಇರ್ತದಂತ, ಕೆಲಸದ ದಿನಾನ ಬರ್ರಿ ಅಂತ ಬರದು ಹಾಕು."